ಕಾಫಿಯ ನೆರಳು, ಕಾನೂನಿನ ಕಣ್ಣು

ಕಾನೂನು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪೊಲೀಸು ಠಾಣೆ, ನ್ಯಾಯಾಲಯದ ಕಟಕಟೆ, ಕರಿಯ ಕೋಟಿನ ವಕೀಲರು. ಆದರೆ ದೇಶದ ಕಾನೂನುಗಳಲ್ಲಿ ಬಹುಪಾಲು ಈ ವೇಷದಲ್ಲಿ ಜನರ ಬಳಿಗೆ ಬರುವುದಿಲ್ಲ. ಅವು ಒಂದು ತಕ್ಕಡಿಯಾಗಿ, ಒಂದು ರಸೀತಿಯಾಗಿ, ಒಂದು ಮೊಹರಾಗಿ, ಒಂದು ಲೈಸೆನ್ಸಿನ ಕಾಗದವಾಗಿ ಸದ್ದಿಲ್ಲದೆ ಬಂದು ಬದುಕಿನ ನಡುವೆ ಕುಳಿತುಕೊಳ್ಳುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಬೆಟ್ಟಗಳ ಮಟ್ಟಿಗಂತೂ ಕೇಂದ್ರ ಸರ್ಕಾರದ ಕಾನೂನು ಎಂಟು ದಶಕಗಳಿಂದಲೂ ಇಂಥ ರೂಪಗಳಲ್ಲಿಯೇ ಕಾಣಿಸಿಕೊಂಡಿದೆ. ಇದೀಗ ಅದು ಹೊಸದೊಂದು ರೂಪವನ್ನು ತಾಳಿದೆ. ಆಕಾಶದಲ್ಲಿ ಸುತ್ತುವ ಉಪಗ್ರಹದ ಕಣ್ಣಾಗಿ, ಬೆಳೆಗಾರನ ಅಂಗೈಯಲ್ಲಿರುವ ಫೋನಿನ ಅಂಕಿಗಳಾಗಿ ಅದು ತೋಟದೊಳಕ್ಕೆ ಇಳಿಯುತ್ತಿದೆ. ವಿಶೇಷವೆಂದರೆ, ಈ ಸಲ ಕಾನೂನನ್ನು ಬರೆದವರು ದಿಲ್ಲಿಯವರಲ್ಲ, ಯೂರೋಪಿನವರು. ಅದನ್ನು ನಮ್ಮ ತೋಟಗಳಿಗೆ ಹೊಂದಿಸಿ ನಡೆಸಬೇಕಾದ ಹೊಣೆ ಮಾತ್ರ ದಿಲ್ಲಿಯದು, ಬೆಂಗಳೂರಿನದು ಮತ್ತು ಕಾಫಿಯನ್ನು ನಂಬಿದವರದು.

ಒಂದು ಉದ್ಯಮವು ಸಾವಿರಾರು ಗುಡ್ಡಗಳ ಮೇಲೆ ಹರಡಿಕೊಂಡಿರುವಾಗ, ಪ್ರತಿ ತೋಟದ ಬಾಗಿಲಿಗೂ ಒಬ್ಬ ಅಧಿಕಾರಿಯನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಆದುದರಿಂದ ಕಾನೂನನ್ನು ನಡೆಸಬೇಕೆಂದರೆ ಉದ್ಯಮವನ್ನೇ ಅದರ ಕಾವಲಿಗೆ ನೇಮಿಸಿಕೊಳ್ಳಬೇಕಾಗುತ್ತದೆ. ಬೆಳೆದವನೇ ಲೆಕ್ಕ ಕೊಡಬೇಕು, ಸಂಸ್ಕರಿಸಿದವನೇ ತೂಗಬೇಕು, ಮಾರಿದವನೇ ಸಾಕ್ಷಿ ನುಡಿಯಬೇಕು. ಇಂಥ ಸಹಕಾರ ಎಲ್ಲಿ ಫಲಿಸಿತು, ಎಲ್ಲಿ ಹಳಸಿತು ಎಂಬುದನ್ನು ತಿಳಿಯಬಯಸುವವರಿಗೆ ನಮ್ಮ ಕಾಫಿಯ ಚರಿತ್ರೆಗಿಂತ ಒಳ್ಳೆಯ ಪಾಠ ಬೇರೊಂದಿಲ್ಲವೆಂದು ತೋರುತ್ತದೆ.

ಪೂಲಿನ ಕಾಲ

ಬಾಬಾಬುಡನ್ ತಂದರೆಂದು ಹೇಳುವ ಏಳು ಬೀಜಗಳ ಕಥೆ ಎಲ್ಲರಿಗೂ ತಿಳಿದದ್ದೇ. ಆ ಬೀಜಗಳು ಬೆಟ್ಟಗಳನ್ನು ತುಂಬಿ, ಹಡಗುಗಳನ್ನು ತುಂಬಿ, ಯೂರೋಪಿನ ಬಟ್ಟಲುಗಳನ್ನು ತುಂಬಿದ ಬಳಿಕ ಎರಡನೆಯ ಮಹಾಯುದ್ಧ ಬಂದಿತು. ಯೂರೋಪಿನ ಮಾರುಕಟ್ಟೆ ಒಮ್ಮೆಗೇ ಮುಚ್ಚಿಹೋಯಿತು. ಕೊಯ್ದ ಕಾಫಿಯನ್ನು ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ, 1940ರಲ್ಲಿ ಒಂದು ಸುಗ್ರೀವಾಜ್ಞೆಯೂ 1942ರಲ್ಲಿ ಅದರ ಬದಲಿಗೆ ಒಂದು ಕಾಯಿದೆಯೂ ಬಂದವು. ಇದೇ ಮುಂದೆ ಕಾಫಿ ಕಾಯಿದೆ ಎಂದು ಹೆಸರಾದುದು. ಬೆಂಗಳೂರಿನಲ್ಲಿ ನೆಲೆಗೊಂಡ ಕಾಫಿ ಮಂಡಳಿ ಈ ಕಾಯಿದೆಯ ಕೂಸು.

ಈ ಕಾನೂನಿನ ತಿರುಳು ‘ಪೂಲು’. ಬೆಳೆಗಾರನು ನೋಂದಾಯಿಸಿಕೊಳ್ಳಬೇಕು, ಮನೆಬಳಕೆಗೆ, ಬಿತ್ತನೆಗೆ ಎಂದು ಬಿಟ್ಟುಕೊಟ್ಟದ್ದನ್ನು ಕಳೆದು ಉಳಿದ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಆ ಕಾಫಿಯ ಮೇಲೆ ಅವನಿಗೆ ಉಳಿಯುವುದು ಹಣ ಪಡೆಯುವ ಹಕ್ಕೊಂದೇ. ಕಾಫಿ ಯಾವ ದರ್ಜೆಯದೆಂದು ಪರೀಕ್ಷಿಸಿ, ಅದಕ್ಕೆ ಇಷ್ಟು ಪಾಯಿಂಟುಗಳೆಂದು ಗೊತ್ತುಮಾಡಿ, ಹಣವನ್ನು ಕಂತುಕಂತಾಗಿ ಕೊಡಲಾಗುತ್ತಿತ್ತು. ಮೊದಲ ಕಂತು ಬೇಗ ಬಂದರೂ ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಬೆಳೆಯ ಹೂಮಳೆ ಬಿದ್ದು ಹೋಗಿರುತ್ತಿದ್ದುದೂ ಉಂಟು.

ಈ ಕಾನೂನನ್ನು ನಡೆಸಿದವರು ಯಾರು? ಪೊಲೀಸರಲ್ಲ. ಮಂಗಳೂರು, ಹಾಸನ, ಚಿಕ್ಕಮಗಳೂರುಗಳ ಕ್ಯೂರಿಂಗ್ ವರ್ಕ್ಸುಗಳು. ಅವು ಖಾಸಗಿಯವರ ಕೈಯಲ್ಲಿದ್ದರೂ ಮಂಡಳಿಯ ಲೈಸೆನ್ಸು ಪಡೆದು ಮಂಡಳಿಯ ಪರವಾಗಿ ಕಾಫಿಯನ್ನು ಸ್ವೀಕರಿಸುತ್ತಿದ್ದವು. ತೋಟದಿಂದ ಬಂದ ಪಾರ್ಚ್‌ಮೆಂಟನ್ನೂ ಚೆರ್ರಿಯನ್ನೂ ತೂಗಿ, ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಹೆಣ್ಣಾಳುಗಳ ಕೈಯಿಂದ ಕರಿಬೀಜ ಆಯಿಸಿ, ಎ, ಬಿ, ಸಿ, ಪೀಬೆರಿ ಎಂದು ವಿಂಗಡಿಸಿ ಇಡುತ್ತಿದ್ದವು. ಇಷ್ಟು ಪಾರ್ಚ್‌ಮೆಂಟಿಗೆ ಇಷ್ಟು ಶುದ್ಧ ಬೀಜ ಎಂಬ ಲೆಕ್ಕಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಅಂದಿನ ಕಾನೂನಿನ ತಂತ್ರಜ್ಞಾನವೆಂದರೆ ಇಷ್ಟೆ: ತಕ್ಕಡಿ, ಜರಡಿ, ರುಚಿ ನೋಡುವವನ ನಾಲಗೆ ಮತ್ತು ಔಟ್‌ಟರ್ನ್ ಲೆಕ್ಕದ ಪುಸ್ತಕ. ಎಲ್ಲ ಕಾಫಿಯೂ ಕೆಲವೇ ಬಾಗಿಲುಗಳ ಮೂಲಕ ಹಾಯಬೇಕಾಗಿದ್ದುದರಿಂದ ಆ ಬಾಗಿಲುಗಳಲ್ಲಿ ನಿಂತು ನೋಡಿದರೆ ಸಾಕಾಗುತ್ತಿತ್ತು. ಬೆಟ್ಟ ಹತ್ತುವ ಅಗತ್ಯ ಕಾನೂನಿಗೆ ಬೀಳಲಿಲ್ಲ.

ಪೂಲಿನಿಂದ ಲಾಭವಾದುದು ಸಣ್ಣ ಬೆಳೆಗಾರನಿಗೆ. ದಲ್ಲಾಳಿಯ ದಯೆಗೆ ಕಾಯದೆ, ಕುಸಿಯುವ ಬೆಲೆಗೆ ಹೆದರದೆ ಅವನು ತನ್ನ ನಾಲ್ಕು ಮೂಟೆಯನ್ನು ಒಪ್ಪಿಸಿ ರಸೀತಿ ಪಡೆದು ಮನೆಗೆ ಹೋಗಬಹುದಾಗಿತ್ತು. ನಷ್ಟವಾದುದು ಗುಣಕ್ಕೆ. ಜತನದಿಂದ ಹಣ್ಣು ಕೊಯ್ದವನ ಕಾಫಿಯೂ ಹಸಿರುಕಾಯಿ ಸುಲಿದವನ ಕಾಫಿಯೂ ಒಂದೇ ದರ್ಜೆಗೆ ಬಿದ್ದರೆ ಒಂದೇ ರಾಶಿಯಲ್ಲಿ ಸೇರುತ್ತಿದ್ದವು. ತೋಟದ ಹೆಸರು ರಾಶಿಯಲ್ಲಿ ಅಳಿಸಿಹೋಗುತ್ತಿತ್ತು.

ಈ ಒಪ್ಪಿಸುವಿಕೆ ಮಾರಾಟವೋ, ಅಥವಾ ಸರ್ಕಾರ ಬಲವಂತದಿಂದ ಸ್ವಾಧೀನಪಡಿಸಿಕೊಂಡದ್ದೋ ಎಂಬ ಪ್ರಶ್ನೆ ಕಡೆಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮಾರಾಟವೆಂದಾದರೆ ಕರ್ನಾಟಕ ಸರ್ಕಾರಕ್ಕೆ ಮಂಡಳಿ ಖರೀದಿ ತೆರಿಗೆ ಕೊಡಬೇಕು, ಸ್ವಾಧೀನವೆಂದಾದರೆ ಕೊಡಬೇಕಾದುದಿಲ್ಲ. ಮಂಡಳಿಯೇ ಇದು ಕಡ್ಡಾಯ ಸ್ವಾಧೀನವೆಂದು ವಾದಿಸಿತು. 1988ರಲ್ಲಿ ನ್ಯಾಯಾಲಯವು ಇದು ಮಾರಾಟವೇ ಎಂದು ತೀರ್ಪಿತ್ತಿತು. ಕೇಂದ್ರದ ಮಂಡಳಿಗೂ ರಾಜ್ಯದ ತೆರಿಗೆ ಇಲಾಖೆಗೂ ನಡೆದ ಈ ವ್ಯಾಜ್ಯದಲ್ಲಿ ನಮ್ಮ ಒಕ್ಕೂಟ ವ್ಯವಸ್ಥೆಯ ಒಂದು ಸ್ವಭಾವ ಎದ್ದು ಕಾಣುತ್ತದೆ. ಕಾಫಿ ಕೇಂದ್ರದ ಕೈಯಲ್ಲಿದೆ. ಕಾಫಿ ಬೆಳೆಯುವ ನೆಲ ರಾಜ್ಯದ ಕೈಯಲ್ಲಿದೆ. ಅದಕ್ಕೆ ಒತ್ತಿಕೊಂಡ ಕಾಡು 1976ರ ಸಂವಿಧಾನ ತಿದ್ದುಪಡಿಯಿಂದೀಚೆಗೆ ಇಬ್ಬರ ಕೈಯಲ್ಲೂ ಇದೆ. ಬೆಳೆಗಾರ ನಿಂತಿರುವುದು ಈ ಮೂರೂ ಕೂಡುವ ಮೂಲೆಯಲ್ಲಿ.

ಮೊಹರು ಮತ್ತು ಪ್ರವಾಸಿ ಕಾಫಿ

ಪೂಲಿನ ಕಾಲದಲ್ಲಿಯೇ ಕಾಫಿಗೆ ಇನ್ನೊಂದು ಕಾನೂನಿನ ಕಟ್ಟು ಬಿದ್ದಿತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಂತೆ ಬೆಳೆಯುವ ದೇಶಗಳಿಗೆ ಇಷ್ಟಿಷ್ಟು ರಫ್ತಿನ ಪಾಲೆಂದು ಗೊತ್ತಾಯಿತು. ರಫ್ತಾಗುವ ಕಾಫಿಗೆ ಮೂಲದೇಶದ ಪ್ರಮಾಣಪತ್ರ ಬೇಕು. ಅದಿಲ್ಲದ ಮೂಟೆಯನ್ನು ಕೊಳ್ಳುವ ದೇಶದ ಸುಂಕದ ಕಟ್ಟೆಯಲ್ಲಿ ತಡೆಯಬೇಕು. ಬೆಲೆ ಕುಸಿಯದಂತೆ ನೋಡಿಕೊಳ್ಳುವುದಕ್ಕೆ ಮಾರುವವರೂ ಕೊಳ್ಳುವವರೂ ಕೂಡಿ ಮಾಡಿಕೊಂಡ ಏರ್ಪಾಡು ಇದು.

ಆದರೆ ಬೇಲಿ ಇದ್ದಲ್ಲಿ ಕಂಡಿಯೂ ಇರುತ್ತದೆ. ಒಪ್ಪಂದದ ಹೊರಗಿನ ದೇಶಗಳಿಗೆ ಕಾಫಿಯನ್ನು ಎಷ್ಟಾದರೂ ಕಳಿಸಬಹುದಾಗಿತ್ತು, ಅದೂ ಅಗ್ಗದ ಬೆಲೆಗೆ. ಹಾಗೆ ಹೊರಟ ಕಾಫಿ ಯಾವುದೋ ಬಂದರಿನಲ್ಲಿ ಕಾಗದ ಬದಲಾಯಿಸಿಕೊಂಡು ಒಪ್ಪಂದದೊಳಗಿನ ದೇಶಕ್ಕೇ ಬಂದು ಇಳಿಯುತ್ತಿತ್ತು. ಇದಕ್ಕೆ ವ್ಯಾಪಾರಿಗಳು ಇಟ್ಟ ಹೆಸರು ‘ಪ್ರವಾಸಿ ಕಾಫಿ’. ಇದನ್ನು ತಡೆಯಲು ಪ್ರಮಾಣಪತ್ರಗಳ ಮೇಲೆ ಅಂಚೆಚೀಟಿಯಂಥ ರಫ್ತಿನ ಮೊಹರುಚೀಟಿಗಳನ್ನು ಅಂಟಿಸುವ ಕ್ರಮ ಬಂದಿತು. ಆದರೂ ಪ್ರವಾಸ ನಿಲ್ಲಲಿಲ್ಲ. 1989ರ ಜುಲೈಯಲ್ಲಿ ಪಾಲುಗಳ ಆ ಏರ್ಪಾಡೇ ಮುರಿದುಬಿದ್ದಿತು. ಅದರ ಕಾರಣಗಳಲ್ಲಿ ಈ ಕಳ್ಳದಾರಿಯ ಕಾಫಿಯ ಮೇಲಿನ ಅಸಮಾಧಾನವೂ ಒಂದು.

ಇಲ್ಲಿ ಮನಸ್ಸಿಗೆ ತಂದುಕೊಳ್ಳಬೇಕಾದುದು ಒಂದು ಮಾತು. ಕಾಗದವು ಕಾಫಿಯ ಜೊತೆಗೆ ಹೋಗುತ್ತದೆ. ಆದರೆ ಕಾಗದವೇ ಕಾಫಿಯಲ್ಲ. ಮೂಟೆಯಲ್ಲಿರುವ ಬೀಜ ತಾನು ಹುಟ್ಟಿದ ಊರನ್ನು ತಾನೇ ಹೇಳಲಾರದು. ಅದರ ಪರವಾಗಿ ಹೇಳುವವರು ಸತ್ಯವಂತರಾಗಿದ್ದರೆ ಮೊಹರಿಗೆ ಬೆಲೆ; ಇಲ್ಲವಾದರೆ ಮೊಹರು ಬರಿಯ ಅಂಟು.

1996: ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು

ರಫ್ತಿನ ಪಾಲು ಹೋಯಿತು. ನಮ್ಮ ಕಾಫಿಯನ್ನು ಹೇರಳವಾಗಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಆರ್ಥಿಕ ನೀತಿಯೂ ಬದಲಾಯಿತು. ಬೆಳೆಗಾರರ ಬೇಡಿಕೆಗೆ ಮಣಿದು ಪೂಲಿನ ಕಟ್ಟನ್ನು ಹಂತಹಂತವಾಗಿ ಸಡಿಲಿಸುತ್ತ ಬಂದು, 1996ರಲ್ಲಿ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನೆಲ್ಲ ತಮಗೆ ಬೇಕಾದವರಿಗೆ ಮಾರಬಹುದೆಂದಾಯಿತು. ಅರ್ಧ ಶತಮಾನದ ಪೂಲು ಇತಿಹಾಸಕ್ಕೆ ಸೇರಿತು. ಕಾಫಿ ಮಂಡಳಿ ವ್ಯಾಪಾರದಿಂದ ಹಿಂದೆ ಸರಿದು ಸಂಶೋಧನೆ, ವಿಸ್ತರಣೆ, ಪ್ರಚಾರಗಳ ಕೆಲಸಕ್ಕೆ ನಿಂತಿತು. 1942ರ ಕಾಯಿದೆಯ ಜಾಗದಲ್ಲಿ ಹೊಸದನ್ನು ತರಬೇಕೆಂದು 2022ರಲ್ಲಿ ಒಂದು ಮಸೂದೆಯ ಕರಡೂ ಪ್ರಕಟವಾಯಿತು.

ಅದೇ 1996ರ ಡಿಸೆಂಬರ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಮೊಕದ್ದಮೆಯಲ್ಲಿ ಇನ್ನೊಂದು ಮಹತ್ವದ ಆದೇಶ ಹೊರಡಿಸಿತು. ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡೆನಿಸುವುದೆಲ್ಲಕ್ಕೂ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ ಎಂಬುದು ಅದರ ಸಾರ. ಡೀಮ್ಡ್ ಫಾರೆಸ್ಟ್ ಎಂಬ ಮಾತು ಮಲೆನಾಡಿನ ಹಳ್ಳಿಗಳ ಜಗಲಿಯ ಮಾತಾದುದು ಆ ಬಳಿಕವೇ. ಹೀಗೆ ಒಂದೇ ವರ್ಷದಲ್ಲಿ ಬೆಳೆಗಾರನ ಮಟ್ಟಿಗೆ ಕಾಫಿ ಕಾನೂನಿನಿಂದ ಬಿಡುಗಡೆಯಾಯಿತು, ನೆಲ ಕಾನೂನಿನ ಬಿಗಿಗೆ ಸಿಕ್ಕಿತು. ಅಂದು ಈ ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ತೋರಿರಲಾರದು. ಇಂದು ಅವೆರಡೂ ಒಂದೇ ಗಂಟಾಗಿ ಬೆಳೆಗಾರನ ಮುಂದೆ ಬಂದಿವೆ.

ಆಕಾಶದ ಕಣ್ಣು

ಯೂರೋಪಿನ ಒಕ್ಕೂಟವು 2023ರಲ್ಲಿ ಅರಣ್ಯನಾಶ ತಡೆಯುವ ಕಾನೂನೊಂದನ್ನು ಜಾರಿಗೆ ತಂದಿತು. ಜಾನುವಾರು, ಕೋಕೋ, ಕಾಫಿ, ತಾಳೆಎಣ್ಣೆ, ರಬ್ಬರು, ಸೋಯಾ, ಮರ—ಈ ಏಳು ಸರಕುಗಳು ಯೂರೋಪಿನೊಳಕ್ಕೆ ಬರಬೇಕಾದರೆ ಎರಡು ಮಾತು ಸಿದ್ಧವಾಗಬೇಕು. ಒಂದು, 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ನೆಲದಲ್ಲಿ ಅವು ಬೆಳೆದಿರಬಾರದು. ಎರಡು, ಬೆಳೆದ ದೇಶದ ಕಾನೂನುಗಳಿಗೆ ಅನುಸಾರವಾಗಿ ಬೆಳೆದಿರಬೇಕು. ಇದನ್ನು ಸಿದ್ಧಪಡಿಸಲು ಪ್ರತಿಯೊಂದು ತೋಟದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಅದರ ಸುತ್ತಿನ ಎಲ್ಲೆಯನ್ನೇ ಗುರುತಿಸಿ ಕೊಡಬೇಕು. ತಪ್ಪಿದ ವ್ಯಾಪಾರಿಗೆ ಬೀಳುವ ದಂಡ ಅವನ ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ಭಾರಿಯಾದುದೇ. ಜಾರಿಯ ದಿನ ಮೊದಲು 2024ರ ಡಿಸೆಂಬರಿಗೆ ಗೊತ್ತಾಗಿತ್ತು. ಒಮ್ಮೆ 2025ಕ್ಕೆ, ಮತ್ತೊಮ್ಮೆ 2026ರ ಡಿಸೆಂಬರಿಗೆ ಅದನ್ನು ಮುಂದೂಡಲಾಯಿತು. 2025ರ ಮೇ ತಿಂಗಳಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಭಾರತವು ಅಪಾಯ ಕಡಿಮೆಯಿರುವ ದೇಶಗಳ ಸಾಲಿನಲ್ಲಿದೆ. ಇದರಿಂದ ತಪಾಸಣೆ ಹಗುರವಾಗುವುದು ನಿಜ. ಆದರೆ ತೋಟದ ಗುರುತು ಕೊಡುವ ಹೊಣೆ ತಪ್ಪುವುದಿಲ್ಲ.

ಇದು ನಮಗೆ ದೂರದ ಸುದ್ದಿಯಲ್ಲ. ಭಾರತದ ಕಾಫಿಯಲ್ಲಿ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಬೆಳೆದುದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಅದನ್ನು ಕೊಳ್ಳುವವರಲ್ಲಿ ಇಟಲಿ, ಜರ್ಮನಿ, ಬೆಲ್ಜಿಯಮ್ಮುಗಳು ಮುಂದಿವೆ. ಬೆಳೆಗಾರರಲ್ಲಾದರೋ 10 ಹೆಕ್ಟೇರಿಗೂ ಕಡಿಮೆ ತೋಟವುಳ್ಳ ಸಣ್ಣವರೇ ನೂರಕ್ಕೆ ತೊಂಬತ್ತಕ್ಕೂ ಮಿಕ್ಕು. ಕಳಸದ ಇಳಿಜಾರಿನಲ್ಲಿ ಅಡಿಕೆ, ಮೆಣಸುಗಳ ನಡುವೆ ಮೂರೆಕರೆ ಕಾಫಿ ಮಾಡಿಕೊಂಡವನು ಒಣಗಿಸಿದ ಚೆರ್ರಿಯನ್ನು ಹತ್ತಿರದ ವ್ಯಾಪಾರಿಗೆ ಹಾಕುತ್ತಾನೆ. ವ್ಯಾಪಾರಿಯ ಗೋದಾಮಿನಲ್ಲಿ ಐವತ್ತು ಮನೆಯ ಕಾಫಿ ಒಂದಾಗುತ್ತದೆ. ಕ್ಯೂರಿಂಗಿನಲ್ಲಿ ಐದು ನೂರು ಮನೆಯದು ಒಂದಾಗುತ್ತದೆ. ಹೊಸ ಕಾನೂನಿನ ಪ್ರಕಾರ ಆ ರಾಶಿಯೊಳಗಿನ ಪ್ರತಿ ತೋಟದ ಗುರುತೂ ಸಿಗಬೇಕು. ಗುರುತಿಲ್ಲದ ಒಂದು ಮೂಟೆ ಬಿದ್ದರೂ ಇಡೀ ರಾಶಿಗೆ ದೋಷ ತಟ್ಟುತ್ತದೆ.

ಎಂಥ ತಿರುವು ನೋಡಿ. ಪೂಲಿನ ಕಾಲದಲ್ಲಿ ಬೆರೆಸುವುದೇ ಕಾನೂನಾಗಿತ್ತು; ಇಂದು ಗುರುತಿಲ್ಲದೆ ಬೆರೆಸುವುದೇ ಅಪರಾಧ. ಅಂದು ರಾಶಿಯಲ್ಲಿ ಅಳಿಸಿಹೋದ ತೋಟದ ಹೆಸರನ್ನು ಇಂದು ಆರು ದಶಮಾಂಶ ಸ್ಥಾನದ ಅಂಕಿಗಳಲ್ಲಿ ಬರೆದುಕೊಡಬೇಕಾಗಿದೆ.

ಕಾಫಿ ಮಂಡಳಿಯು ಇದಕ್ಕಾಗಿ ಬೆಳೆಗಾರರನ್ನು ಮೊಬೈಲು ಆ್ಯಪ್ ಮೂಲಕ ನೋಂದಾಯಿಸುವ ಕೆಲಸಕ್ಕೆ ಕೈಹಾಕಿದೆ. ತಂತ್ರಜ್ಞಾನದೊಡನೆ ಮಂಡಳಿಯ ನಂಟು ಇದೇ ಮೊದಲಲ್ಲ. 2018ರ ಕೊನೆಯಲ್ಲಿ ಅದು ಬೆಳೆಗಾರರಿಗೆ ಫೋನಿನ ಮೂಲಕ ಸಲಹೆ ಕೊಡುವ ‘ಕಾಫಿ ಕೃಷಿ ತರಂಗ’ವನ್ನು ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದಲೇ ಆರಂಭಿಸಿತು. 2019ರ ಮಾರ್ಚಿಯಲ್ಲಿ ಬ್ಲಾಕ್‌ಚೈನ್ ಆಧರಿಸಿದ ಕಾಫಿ ಮಾರುಕಟ್ಟೆಯೊಂದನ್ನು ಪ್ರಯೋಗಾರ್ಥವಾಗಿ ತೆರೆಯಿತು. ಒಮ್ಮೆ ಬರೆದುದನ್ನು ಕದ್ದು ತಿದ್ದಲಾಗದ, ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕವೆಂದು ಇದನ್ನು ಸ್ಥೂಲವಾಗಿ ತಿಳಿಯಬಹುದು. ಅದೇ ತಿಂಗಳಲ್ಲಿ ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂಬ ಹೆಸರುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ತಿದ್ದಲಾಗದ ಪುಸ್ತಕದಲ್ಲಿ ಮೊದಲ ಸಾಲನ್ನೇ ತಪ್ಪಾಗಿ ಬರೆದರೆ ಆ ತಪ್ಪೂ ತಿದ್ದಲಾಗದ್ದೇ ಆಗುತ್ತದೆ. ಪ್ರವಾಸಿ ಕಾಫಿಯ ಪಾಠ ಇಲ್ಲಿಗೂ ಸಲ್ಲುತ್ತದೆ: ಯಂತ್ರ ಕಾಯುವುದು ಬರಹವನ್ನು, ಬರೆದವನ ಪ್ರಾಮಾಣಿಕತೆಯನ್ನಲ್ಲ.

ನೆರಳೇ ತೊಡಕಾದಾಗ

ಬ್ರೆಜಿಲಿನ ಬಯಲಿನಲ್ಲಿ ಕಾಫಿ ಬಹುಮಟ್ಟಿಗೆ ಬಿಸಿಲಿನ ಬೆಳೆ. ನಮ್ಮಲ್ಲಿ ಅದು ನೆರಳಿನ ಬೆಳೆ. ಕೆಳಗೆ ಹಾಲವಾಣ, ಮೇಲೆ ಅತ್ತಿ, ಹಲಸು, ಬೀಟೆ, ನಂದಿ, ನಡುನಡುವೆ ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಮರ—ಹೀಗೆ ಎರಡಂತಸ್ತಿನ ಚಪ್ಪರದ ಕೆಳಗೆ ಕಾಫಿಗಿಡ ಬಾಳುತ್ತದೆ. ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿ ಬೆಳಕು ಬಿಡುತ್ತಾರೆ. ಬಿಸಿಲು ಹೆಚ್ಚಾದರೆ ಬಿಳಿ ಕಾಂಡಕೊರಕದ ಕಾಟ, ನೆರಳು ಹೆಚ್ಚಾದರೆ ಕೊಳೆರೋಗ. ನೆರಳನ್ನು ಹದವಾಗಿ ಹಿಡಿಯುವುದೇ ತೋಟಗಾರನ ವಿದ್ಯೆ. ಮಲೆನಾಡಿನ ಹಕ್ಕಿಗಳಿಗೂ ಹಳ್ಳಗಳಿಗೂ ಈ ಚಪ್ಪರ ಕಾಡಿನ ನಂತರದ ಆಸರೆ.

ಈ ಚಪ್ಪರವೇ ಉಪಗ್ರಹದ ಕಣ್ಣಿಗೆ ಒಗಟಾಗಿದೆ. ಮೇಲಿಂದ ನೋಡುವ ಕಣ್ಣಿಗೆ ಕಾಣುವುದು ಮರಗಳ ತಲೆ. ಅದರ ಕೆಳಗಿರುವುದು ಕಾಫಿಯೋ ಕಾಡುಗಿಡವೋ ಅದಕ್ಕೆ ಹೇಗೆ ತಿಳಿಯಬೇಕು? ಯೂರೋಪಿನ ಕಾನೂನಿನ ಪಠ್ಯದಲ್ಲಿ ಮರಗಳ ನೆರಳಿನಲ್ಲಿ ಬೆಳೆ ಮಾಡುವ ತೋಟ ಕಾಡಲ್ಲವೆಂದು ಸ್ಪಷ್ಟವಾಗಿಯೇ ಹೇಳಿದೆ. ಆದರೆ ತಪಾಸಣೆಗೆ ನೆರವಾಗಲೆಂದು ಅಲ್ಲಿಯ ಸಂಶೋಧನಾ ಕೇಂದ್ರ ತಯಾರಿಸಿದ 2020ರ ಅರಣ್ಯ ನಕ್ಷೆ, 10 ಮೀಟರಿನಷ್ಟು ಸೂಕ್ಷ್ಮವಾಗಿದ್ದರೂ, ನೆರಳಿನ ತೋಟವನ್ನು ಕಾಡೆಂದು ಬಗೆಯುವ ಸಂಭವವಿದೆ. ಹಾಗೆ ಕಾಡೆಂದು ಬಗೆದ ಕಡೆ ಮುಂದಿನ ವರ್ಷ ಹತ್ತು ಸಿಲ್ವರ್ ಮರ ಕಡಿದರೆ ಅದು ಅರಣ್ಯನಾಶದಂತೆ ಕಾಣಬಹುದು. ಆ ನಕ್ಷೆಗೆ ಕಾನೂನಿನ ಬಲವಿಲ್ಲ, ನಿಜ. ಆದರೆ ದೂರದ ಟ್ರಿಯೆಸ್ಟಿನಲ್ಲೋ ಹ್ಯಾಂಬರ್ಗಿನಲ್ಲೋ ಕುಳಿತ ವ್ಯಾಪಾರಿ ಕೆಂಪು ಚುಕ್ಕೆ ಕಂಡ ತೋಟದ ಕಾಫಿಯನ್ನು ಕೊಳ್ಳುವ ಗೋಜಿಗೇ ಹೋಗದಿದ್ದರೆ, ಬೆಳೆಗಾರನಿಗೆ ಅದೇ ತೀರ್ಪು.

ಇದು ಬರಿಯ ಊಹೆಯ ಭಯವಲ್ಲ. ಪಶ್ಚಿಮಘಟ್ಟಗಳ ಬಗ್ಗೆ ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟಾಗ, ಸಹಜ ಭೂಪ್ರದೇಶವನ್ನೂ ಮನುಷ್ಯನ ಕೃಷಿಯ ಭೂಪ್ರದೇಶವನ್ನೂ ಉಪಗ್ರಹ ಚಿತ್ರಗಳ ಆಧಾರದಿಂದ ಬೇರ್ಪಡಿಸಿತ್ತು. ನೆರಳಿನ ಕಾಫಿ ತೋಟಗಳನ್ನು ಆ ಚಿತ್ರಗಳು ಕಾಡೆಂದೇ ಓದಿಬಿಟ್ಟಿವೆ ಎಂಬ ಆಕ್ಷೇಪ ಮಲೆನಾಡಿನಲ್ಲಿ ಬಲವಾಗಿ ಎದ್ದಿತು. ಅಂದಿನಿಂದ ಕರಡು ಅಧಿಸೂಚನೆಗಳು ಒಂದಾದ ಮೇಲೊಂದು ಬಂದವು. ಆರನೆಯದು 2024ರ ಜುಲೈ ಕೊನೆಯಲ್ಲಿ ಹೊರಟಿತು. ಅದೇ ವರ್ಷ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸುವ ನಿರ್ಣಯ ಮಾಡಿತು. ಒಂದು ಚಿತ್ರದ ಮೇಲಿನ ಅಪನಂಬಿಕೆ ಒಂದು ದಶಕದ ರಾಜಕೀಯವಾಯಿತು.

ಅಮೆಜಾನಿನ ಕಾಡು ಸುಟ್ಟವರ ಪಾಪಕ್ಕೆ ಮೂಡಿಗೆರೆಯ ಬೆಳೆಗಾರ ಏಕೆ ಸಾಕ್ಷಿ ಹೇಳಬೇಕು ಎಂದು ಕೇಳುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಅವರ ನಾಲಗೆಯ ಮೇಲೆ ಸಹಜವಾಗಿಯೇ ಬರುತ್ತದೆ. ಆ ಮಾತಿನಲ್ಲಿ ನ್ಯಾಯವಿದೆ. ಆದರೆ ಪೂರ್ತಿ ನ್ಯಾಯವಿಲ್ಲ. ನಮ್ಮ ಬೆಟ್ಟಗಳಲ್ಲಿಯೂ ಕಾಡಿನ ಅಂಚು ತೋಟದ ಕಡೆಗೆ ಸರಿದಿಲ್ಲ. ತೋಟದ ಅಂಚೇ ಕಾಡಿನ ಕಡೆಗೆ ಸರಿದಿದೆ. ಕೊಳ್ಳುವವನು ತನ್ನ ಬಟ್ಟಲಿನಲ್ಲಿ ಏನಿದೆಯೆಂದು ಕೇಳುವುದು ತಪ್ಪಲ್ಲ. ಕೇಳಿದವನು ಉತ್ತರದ ವೆಚ್ಚವನ್ನೆಲ್ಲ ಉತ್ತರಿಸುವವನ ಮೇಲೆ ಹೊರಿಸುವುದು ತಪ್ಪು.

ಪಹಣಿಯ ಪ್ರಶ್ನೆ

ಎರಡನೆಯ ಮಾತು ಮೊದಲನೆಯದಕ್ಕಿಂತ ಕಠಿಣ. ‘ಬೆಳೆದ ದೇಶದ ಕಾನೂನಿಗೆ ಅನುಸಾರವಾಗಿ’ ಎಂಬ ನಾಲ್ಕು ಪದಗಳು ಕಾಗದದ ಮೇಲೆ ಸರಳ. ಆ ಕಾನೂನುಗಳಲ್ಲಿ ನೆಲದ ಹಕ್ಕಿನ ಕಾನೂನೂ ಸೇರುತ್ತದೆ. ಮಲೆನಾಡಿನಲ್ಲಿ ಆ ಹಕ್ಕಿನ ಚರಿತ್ರೆ ಒಂದು ಗೋಜಲು. ಖಾತೆ ಅಜ್ಜನ ಹೆಸರಿನಲ್ಲಿದ್ದು ಮೊಮ್ಮಕ್ಕಳು ಬೇರೆಯಾಗಿರುತ್ತಾರೆ, ಪೋಡಿಯಾಗಿರುವುದಿಲ್ಲ. ಎರಡೆಕರೆಗೆ ಪಹಣಿಯಿದ್ದರೆ ಪಕ್ಕದ ಒಂದೆಕರೆ ಒತ್ತುವರಿ. ಒಂದು ಕಾಲದಲ್ಲಿ ಕಂದಾಯದ ಭೂಮಿಯೆಂದು ಸಾಗುವಳಿ ಮಾಡಿದ್ದು ಇನ್ನೊಂದು ಕಾಲದಲ್ಲಿ ಅರಣ್ಯದ ಅಧಿಸೂಚನೆಯೊಳಗೆ ಬಿದ್ದಿರುತ್ತದೆ. ಈ ತೊಡಕನ್ನು ಬಿಡಿಸಲು ರಾಜ್ಯ ಸರ್ಕಾರವು ಭೂಕಂದಾಯ ಕಾಯಿದೆಗೆ ತಿದ್ದುಪಡಿ ಮಾಡಿ, ತೋಟದ ಬೆಳೆಗೆಂದು ಒತ್ತುವರಿಯಾದ ಸರ್ಕಾರಿ ಜಮೀನನ್ನು 25 ಎಕರೆಯ ಮಿತಿಯೊಳಗೆ 30 ವರ್ಷದ ಗುತ್ತಿಗೆಗೆ ಕೊಡುವ ದಾರಿಯನ್ನು ತೆರೆದಿದೆ. ಇದು ಒತ್ತುವರಿದಾರನಿಗೆ ಬಹುಮಾನವೆಂದು ಕೆಲವರು, ಬದುಕಿಗೆ ಆಧಾರವೆಂದು ಕೆಲವರು ವಾದಿಸುತ್ತಾರೆ. ಭೂಮಿಯಿಲ್ಲದ ತೋಟದ ಕೂಲಿಯವರು ನಮ್ಮ ಪಾಲೇನೆಂದು ಕೇಳಿದರೆ ಎರಡು ಪಕ್ಷದವರೂ ಉತ್ತರಕ್ಕೆ ತಡಕಾಡಬೇಕಾಗುತ್ತದೆ.

ಇಲ್ಲಿಯೂ ತಂತ್ರಜ್ಞಾನಕ್ಕೆ ಕೊರತೆಯಿಲ್ಲ. ಇಸವಿ 2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಶಾನುಭೋಗರ, ಗ್ರಾಮ ಲೆಕ್ಕಿಗರ ಕಟ್ಟಿನಲ್ಲಿ ಅಡಗಿದ್ದ ದಾಖಲೆ ಕಿಟಕಿಯ ಮುಂದೆ ನಿಂತವನಿಗೆ ಸಿಗುವಂತಾಯಿತು. ‘ದಿಶಾಂಕ್’ ಎಂಬ ಆ್ಯಪ್ ತೆರೆದರೆ ನಾವು ನಿಂತ ನೆಲದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಆದರೆ ಅಕ್ಷಾಂಶ ರೇಖಾಂಶಗಳು ಹೇಳುವುದು ‘ಎಲ್ಲಿ’ ಎಂಬುದನ್ನು; ‘ಯಾರದು’ ಎಂಬುದನ್ನಲ್ಲ. ಆ ಉತ್ತರ ತಾಲ್ಲೂಕು ಕಚೇರಿಯ ಕಡತದಲ್ಲಿದೆ, ಸಹಿ ಬೀಳಬೇಕಾದ ಸರ್ವೆ ಇಲಾಖೆಯ ಹಾಳೆಯಲ್ಲಿದೆ.

ಸಣ್ಣ ಬೆಳೆಗಾರನು ನೋಂದಣಿಗೆ ಹಿಂಜರಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಅವನ ಲೆಕ್ಕಾಚಾರ ಬೇರೆ. ತೋಟದ ಎಲ್ಲೆಯನ್ನು ಗುರುತಿಸಿ ಒಂದು ಇಲಾಖೆಗೆ ಕೊಟ್ಟರೆ ಅದು ಇನ್ನೊಂದು ಇಲಾಖೆಯ ಮೇಜಿಗೆ ಹೋಗುವುದಿಲ್ಲವೆಂದು ಭರವಸೆಯೇನು? ಕಾಫಿ ಮಾರಲೆಂದು ಕೊಟ್ಟ ನಕ್ಷೆ ನಾಳೆ ಒತ್ತುವರಿ ತೆರವಿನ ಸಾಕ್ಷಿಯಾದರೆ? ಕೇಂದ್ರವು 2023ರಲ್ಲಿ ವೈಯಕ್ತಿಕ ದತ್ತಾಂಶಗಳ ರಕ್ಷಣೆಗೆಂದು ಕಾಯಿದೆ ಮಾಡಿದೆ. ಅದರಲ್ಲಿ ಸರ್ಕಾರದ ಅಂಗಗಳಿಗೆ ವಿನಾಯಿತಿಗಳೂ ಇವೆ. ಇನ್ನು ರಫ್ತುದಾರನೇ ತನ್ನ ಖರ್ಚಿನಲ್ಲಿ ನಕ್ಷೆ ಮಾಡಿಸಿದರೋ, ಆ ನಕ್ಷೆ ಅವನ ಸೊತ್ತು. ಬೆಳೆಗಾರ ಬರುವ ವರ್ಷ ಹೆಚ್ಚು ಬೆಲೆ ಕೊಡುವ ಬೇರೊಬ್ಬನಿಗೆ ಕಾಫಿ ಹಾಕಹೊರಟರೆ ಗುರುತಿನ ಕಾಗದ ಹಳಬನ ಬಳಿಯೇ ಉಳಿಯುತ್ತದೆ. ದಲ್ಲಾಳಿಯ ಮುಂಗಡದ ಬದಲು ನಕ್ಷೆಯ ಋಣ ಬಂದಂತಾಗುತ್ತದೆ.

ರಸೀತಿ ಯಾರ ಕೈಯಲ್ಲಿ?

ಪೂಲಿನ ಕಾಲ ಮತ್ತೆ ಬರಲಿ ಎಂದು ಯಾರೂ ಹೇಳಲಾರರು. ಬಂದರೂ ಅದು ಈ ಕಾಲಕ್ಕೆ ಹೊಂದುವುದಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಒಂದು ಗುಣವಿತ್ತು. ಕಾನೂನು ಬೆಳೆಗಾರನಿಂದ ಏನನ್ನು ತೆಗೆದುಕೊಂಡರೂ ಅದಕ್ಕೊಂದು ರಸೀತಿಯನ್ನು ಅವನ ಕೈಗೆ ಕೊಡುತ್ತಿತ್ತು. ತೂಕ ತಪ್ಪಿದರೆ, ದರ್ಜೆ ತಪ್ಪಿದರೆ ಆ ಚೀಟಿ ಹಿಡಿದು ಅವನು ಜಗಳವಾಡಬಹುದಾಗಿತ್ತು. ಸಾಕ್ಷ್ಯದ ಹೊಣೆ ಡಿಪೋದ ಮೇಲೂ ಇತ್ತು.

ಇಂದಿನ ಏರ್ಪಾಡಿಗೂ ಅಂಥದೊಂದು ರಸೀತಿ ಬೇಕಾಗಿದೆ. ತೋಟವನ್ನು ನೋಂದಾಯಿಸಿದ ಪ್ರತಿಯೊಬ್ಬನಿಗೂ ಅವನ ತೋಟದ ನಕ್ಷೆಯ ಪ್ರತಿ ಕನ್ನಡದಲ್ಲಿ ಸಿಗಬೇಕು. ಅದು ಅವನ ಸೊತ್ತಾಗಿರಬೇಕು. ಯಾವ ವ್ಯಾಪಾರಿಗೆ ಬೇಕಾದರೂ ಅದನ್ನು ತೋರಿಸುವ ಸ್ವಾತಂತ್ರ್ಯ ಅವನಿಗಿರಬೇಕು. ಉಪಗ್ರಹ ತಪ್ಪು ಓದಿದಾಗ ಅದನ್ನು ಪ್ರಶ್ನಿಸುವ ಜಾಗವೊಂದು ಬೆಂಗಳೂರಿನಲ್ಲಲ್ಲ, ಮೂಡಿಗೆರೆಯಲ್ಲಿಯೋ ಕಳಸದಲ್ಲಿಯೋ ಇರಬೇಕು. ಬಾಳೆಹೊನ್ನೂರಿನ ಬಳಿ 1925ರಿಂದ ಕೆಲಸ ಮಾಡುತ್ತಿರುವ ಕಾಫಿ ಸಂಶೋಧನಾ ಕೇಂದ್ರಕ್ಕೆ ಈ ನೆರಳಿನ ಗುಟ್ಟು ಯಾವ ಉಪಗ್ರಹಕ್ಕಿಂತಲೂ ಚೆನ್ನಾಗಿ ಗೊತ್ತು. ಹಾಲವಾಣದ ತಲೆಗೂ ಕಾಡುಮರದ ತಲೆಗೂ ಇರುವ ಭೇದವನ್ನು ನಕ್ಷೆ ಮಾಡುವವರಿಗೆ ಕಲಿಸಬೇಕಾದುದು ಅಲ್ಲಿಯ ವಿಜ್ಞಾನಿಗಳು, ಬೆಳೆಗಾರರ ಸಂಘಗಳು ಮತ್ತು ಮರ ಹತ್ತಿ ಕಸಿ ಮಾಡುವ ಆಳು. ಇವರ ಸಾಕ್ಷ್ಯವಿಲ್ಲದ ನಕ್ಷೆ ಎಷ್ಟೇ ಸೂಕ್ಷ್ಮವಾದರೂ ಅರೆಗುರುಡು.

ಶಾಲೆ ಕಾಲೇಜುಗಳ ಉಪಾಧ್ಯಾಯರಿಗೂ ಇಲ್ಲೊಂದು ಕೆಲಸವಿದೆ. ಅಪ್ಪನ ತೋಟದ ಎಲ್ಲೆಯನ್ನು ಫೋನಿನಲ್ಲಿ ಗುರುತಿಸಿಕೊಡುವವರು ಬಹುಮಟ್ಟಿಗೆ ಮಕ್ಕಳೇ. ಭೂಗೋಳದ ಪುಸ್ತಕದಲ್ಲಿ ಓದಿದ ಅಕ್ಷಾಂಶ ರೇಖಾಂಶಗಳು ತಮ್ಮ ಮನೆಯ ಕಣದ ಅಂಚಿನಲ್ಲಿ ಹಾದುಹೋಗುತ್ತಿವೆ, ಅವುಗಳ ಮೇಲೆ ಮನೆಯ ಅನ್ನ ನಿಂತಿದೆ ಎಂಬುದನ್ನು ಆ ಮಕ್ಕಳಿಗೆ ತಿಳಿಸಿಕೊಟ್ಟರೆ, ಸಹಿ ಹಾಕುವ ಮುನ್ನ ಓದುವ ಅಭ್ಯಾಸ ಹಿರಿಯರಿಗೂ ಬಂದೀತು.

ಕಾನೂನಿಗೆ ಕಣ್ಣು ಬೇಕು. ಕಣ್ಣಿಲ್ಲದ ಕಾನೂನಿನಿಂದ ಕಾಡು ಉಳಿಯುವುದಿಲ್ಲ. ಆದರೆ ಕಂಡದ್ದನ್ನು ಕಂಡವನೇ ತೀರ್ಮಾನಿಸುವುದು ನ್ಯಾಯವಲ್ಲ. ಕಂಡದ್ದು ನಿಜವೇ ಎಂದು ಅಲ್ಲಿ ನಿಂತವನನ್ನು ಕೇಳಬೇಕು. ಆಕಾಶದ ಕಣ್ಣು ತೋಟವನ್ನು ಬೇಕಾದಷ್ಟು ಸಲ ನೋಡಲಿ. ಮರದ ಕೆಳಗಿರುವ ಮನುಷ್ಯನ ಮಾತಿಗೂ ಆ ದಾಖಲೆಯಲ್ಲಿ ಒಂದು ಸಾಲು ಇರಲಿ.